ಮುಟ್ಟಿದ ಕುದುರೆ

ಶಿವಮೊಗ್ಗದ ಗಾಂಧಿ ಬಜಾರ್‌ನ ಔಷಧಿ ಅಂಗಡಿಯಲ್ಲಿ ಮೊನ್ನೆ ಯಾರೋ ನೋವಿನ ಮುಲಾಮಿನ ಡಬ್ಬಿ ತೆರೆದರು. ಆ ಘಾಟಿಗೆ ಕ್ರೇನ್ ಅಂಕಲ್ ನೆನಪಾದರು.

ಭದ್ರಾವತಿಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದರು. ಮಣಿಕಟ್ಟಿಗೆ ಸದಾ ಮುಲಾಮು. ನನಗೆ ಚೆಸ್ ಕಲಿಸಿದ್ದು ಅವರೇ. ಉಳಿದವರೆಲ್ಲ ನಡುವಿನ ಕಾಲಾಳು ನೂಕಿ ಆಟ ಶುರು ಮಾಡಿದರೆ, ಅವರು ಮಂತ್ರಿಯ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ಸರಿಸುತ್ತಿದ್ದರು. "ನಡುವಿಗೆ ನುಗ್ಗಬೇಡ ಮಾರಾಯ್ತಿ, ಪಕ್ಕದಿಂದ ಬಾ," ಎನ್ನುತ್ತಿದ್ದರು.

ನಾನು ಡಿಗ್ರಿ ಓದುತ್ತಿದ್ದಾಗ ಜಿಲ್ಲಾ ಪಂದ್ಯ ಶಿವಮೊಗ್ಗದ ಸವಳಂಗ ರಸ್ತೆಯ ಸಭಾಂಗಣವೊಂದರಲ್ಲಿ ನಡೆಯಿತು. ಕೊನೆಯ ಸುತ್ತಿನಲ್ಲಿ ನಾವಿಬ್ಬರೇ ಎದುರಾದೆವು. ಗೆದ್ದವರಿಗೆ ಜಿಲ್ಲಾ ತಂಡದಲ್ಲಿ ಉಳಿದಿದ್ದ ಒಂದೇ ಜಾಗ. ರಾಜ್ಯ ಮಟ್ಟದಲ್ಲಿ ಒಮ್ಮೆಯಾದರೂ ಆಡಬೇಕೆಂದು ಅವರು ಎಷ್ಟೋ ವರ್ಷದಿಂದ ಕಾದಿದ್ದರು...

ಬಿಳಿ ಕಾಯಿ ನನ್ನದು. ಅವರು ಕಲಿಸಿದ ಹಾಗೇ ಪಕ್ಕದಿಂದ ಶುರು ಮಾಡಿದೆ. ಅವರ ಮುಖದಲ್ಲಿ ನಗು ಕಾಣಲಿಲ್ಲ. ಮೂರು ಗಂಟೆ ಇಬ್ಬರೂ ತಲೆ ಎತ್ತಲಿಲ್ಲ. ನನ್ನ ಗಡಿಯಾರದಲ್ಲಿ ನಾಲ್ಕೇ ನಿಮಿಷ ಉಳಿದಾಗ ಅವಸರದಲ್ಲಿ ಕುದುರೆಯನ್ನು ಹಿಡಿದೆ. ಹಿಡಿದ ಮೇಲೆ ಕಂಡಿತು: ಅದು ಕದಲಿದರೆ ಹಿಂದಿದ್ದ ಮಂತ್ರಿ ಅವರ ಆನೆಗೆ ಬಲಿ. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಅದು ನಿಯಮ. ತೀರ್ಪುಗಾರರು ಬೇರೆ ಮೇಜಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದರು. ನಾನು ಕುದುರೆಯಿಂದ ಕೈ ತೆಗೆದೆ. ಒಂಟೆಯನ್ನು ಸರಿಸಿ ಗಡಿಯಾರ ಒತ್ತಿದೆ.

ಅವರು ನನ್ನ ಬೆರಳು ನೋಡಿದರು. ಆಮೇಲೆ ನನ್ನ ಮುಖ. ಕೈ ಎತ್ತಿ ತೀರ್ಪುಗಾರರನ್ನು ಕರೆಯುತ್ತಾರೆಂದುಕೊಂಡೆ. ಅವರ ಗಡಿಯಾರ ಓಡುತ್ತಲೇ ಇತ್ತು. ಕೊನೆಗೆ ಒಂದು ಕಾಲಾಳು ನಡೆಸಿದರು. ಕೆಲವು ನಡೆಗಳ ನಂತರ ಸೋಲೊಪ್ಪಿ ಕೈ ಕುಲುಕಿದರು.

ಭದ್ರಾವತಿ ಬಸ್ಸಿನಲ್ಲಿ ಪಕ್ಕದಲ್ಲೇ ಕೂತೆವು. "ಅಂಕಲ್..." ಎಂದೆ.

"ರಾಜ್ಯ ಮಟ್ಟದಲ್ಲಿ ಅವಸರ ಮಾಡ್ಬೇಡ," ಎಂದಷ್ಟೇ ಹೇಳಿ ಕಿಟಕಿಯತ್ತ ತಿರುಗಿದರು.

ರಾಜ್ಯ ಮಟ್ಟಕ್ಕೆ ಹೋದೆ, ಬೇಗನೆ ಸೋತು ಬಂದೆ. ಆಮೇಲೆ ಅವರ ಮನೆಯ ಅಂಗಳ ತುಳಿಯಲು ಧೈರ್ಯ ಬರಲಿಲ್ಲ. ನೌಕರಿ ಸಿಕ್ಕಿ ಮನೆಯವರ ಜೊತೆ ಶಿವಮೊಗ್ಗಕ್ಕೆ ಬಂದೆ. ಇಪ್ಪತ್ತು ಕಿಲೋಮೀಟರಿನ ಆಚೆ ಇದ್ದವರನ್ನು ನೋಡಲು ಇಷ್ಟು ವರ್ಷ ಹೋಗಲಿಲ್ಲ.

ನಿನ್ನೆ ಹೋದೆ. ಅಂಕಲ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಆಂಟಿ ಟೀ ಕೊಟ್ಟರು. "ನಾನು ಕಲಿಸಿದ ಹುಡುಗಿ ನನ್ನನ್ನೇ ಸೋಲಿಸಿದ್ಲು ಅಂತ ಬಂದೋರಿಗೆಲ್ಲ ಹೇಳ್ತಿದ್ರು," ಎಂದರು.

ಟೀ ಕೆಳಗಿಟ್ಟೆ. "ಆಂಟಿ, ಅವತ್ತು ನಾನು ಕುದುರೆ ಮುಟ್ಟಿದ್ದೆ."

ಆಂಟಿ ಎಂದೂ ಚೆಸ್ ಆಡಿದವರಲ್ಲ. ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದರು:

"ಮುಟ್ಟಿದ್ರೆ ಏನಾಗುತ್ತಮ್ಮ?"