ಮುಕಾದಮನಿಗೆ ಹೊದಿಸಿದ ಶಾಲು

ಪುಣೆಯ ಖರಾಡಿಯಲ್ಲಿ ಗಾಜಿನ ಕಟ್ಟಡಗಳ ಬೆನ್ನಿಗೆ ತಗಡಿನ ಪತ್ರಾ ಶೆಡ್ಡುಗಳ ಒಂದು ಸಾಲಿದೆ. ಅಲ್ಲಿ ತಾಯಪ್ಪನ ಮನೆ ಯಾವುದೆಂದು ಕೇಳಿದರೆ ಯಾರಾದರೂ ತೋರಿಸುತ್ತಿದ್ದರು. ಬೆರಳು ತೋರಿಸಿ ಸುಮ್ಮನಾಗುತ್ತಿರಲಿಲ್ಲ, ಒಂದು ಮಾತನ್ನೂ ಸೇರಿಸುತ್ತಿದ್ದರು: “ಮಣ್ಣಾಗ ಹೂತ ಹುಡುಗನ್ನ ಎತ್ತಿದ್ನಲ್ರಿ, ಅವನ ಮನಿ.” ಆ ಮಾತು ಕಿವಿಗೆ ಬಿದ್ದಾಗಲೆಲ್ಲ ತಾಯಪ್ಪ ತಲೆ ತಗ್ಗಿಸುತ್ತಿದ್ದ. ಎಷ್ಟು ದೊಡ್ಡ ಕೆಲಸ ಮಾಡಿದರೂ ಮನುಷ್ಯನಿಗೆ ಸೊಕ್ಕಿಲ್ಲ ನೋಡಿ ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು. ಜನಕ್ಕೇನು, ತಗ್ಗಿದ ತಲೆ ಕಂಡರೆ ಸಾಕು, ವಿನಯ ಅಂದುಬಿಡುತ್ತಾರೆ. ಅದು ವಿನಯವಾಗಿರಲಿಲ್ಲ. ನಾಚಿಕೆಯಾಗಿತ್ತು.

ತಾಯಪ್ಪ ಯಾದಗಿರಿ ಕಡೆಯವನು. ಮೀಸೆ ಮೂಡುವ ಮೊದಲೇ ಅಪ್ಪನ ಬೆನ್ನು ಹಿಡಿದು ಪುಣೆಗೆ ಬಂದ. ಇಟ್ಟಿಗೆ ಹೊತ್ತ, ಸಿಮೆಂಟು ಕಲಸಿದ, ಕರಣಿ ಹಿಡಿಯುವುದನ್ನು ಕಲಿತ, ಕೊನೆಗೆ ಮುಕಾದಮನಾದ. ಮುಕಾದಮನೆಂದರೆ ಊರಿಂದ ಜನ ಕರೆತಂದು ಟೋಳಿ ಕಟ್ಟುವವನು, ಗುತ್ತಿಗೆದಾರನ ಹತ್ತಿರ ಮಾತಾಡಿ ಕೆಲಸ ಹಿಡಿಯುವವನು. ಟೋಳಿಯಲ್ಲಿ ಯಾರು ಕಟ್ಟಿದ ಗೋಡೆಯಾದರೂ ಅದು ತಾಯಪ್ಪನ ಗೋಡೆ. ಯಾರು ಬಳಿದ ಗಿಲಾವಾದರೂ ತಾಯಪ್ಪನ ಗಿಲಾವು. ಅದು ಆ ಜನರ ರೀತಿ. ಒಳ್ಳೆಯದಾದರೂ ಕೆಟ್ಟದ್ದಾದರೂ ಟೋಳಿಯ ಕೆಲಸಕ್ಕೆ ಮುಕಾದಮನ ಹೆಸರು, ಅದರಲ್ಲಿ ಯಾರಿಗೂ ತಕರಾರಿಲ್ಲ.

ಇನ್ನೊಂದು ರೀತಿಯೂ ಇದೆ. ಸ್ಲ್ಯಾಬು ಹಾಕುವ ದಿನ ಹೆಣ್ಣುಮಕ್ಕಳು ಗಂಡಸರು ಸಾಲಾಗಿ ನಿಂತು ಕಾಂಕ್ರೀಟು ತುಂಬಿದ ಘಮೇಲಾಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಆ ಕಬ್ಬಿಣದ ಬುಟ್ಟಿ ಕೈಗೆ ಬಂದರೆ ಹಿಡಿಯಬೇಕು, ಹಿಡಿದದ್ದನ್ನು ಮುಂದೆ ಕೊಡಬೇಕು, ನಡುವೆ ಒಬ್ಬರು ಕೈಬಿಟ್ಟರೆ ಸಾಲೇ ನಿಲ್ಲುತ್ತದೆ. ಮುಕಾದಮ ಮಾತ್ರ ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಬದಿಗೆ ನಿಂತು ಕೂಗುತ್ತಾನೆ. ಸಾಲಿಗೆ ನಿಂತ ಮುಕಾದಮನ ಮಾತನ್ನು ಮರುದಿನದಿಂದ ಯಾರೂ ಕೇಳುವುದಿಲ್ಲವೆಂದು ತಾಯಪ್ಪನ ಅಪ್ಪ ಹೇಳಿಕೊಟ್ಟಿದ್ದ. ತಾಯಪ್ಪ ಅದನ್ನು ವೇದವಾಕ್ಯದಂತೆ ಪಾಲಿಸಿಕೊಂಡು ಬಂದಿದ್ದ. ಸಾಲು ನಡೆಸುವವಳು ಅವನ ಹೆಂಡತಿ ಅವ್ವಮ್ಮ. ಅವಳು ಗಟ್ಟಿಯಾಗಿ “ಹಿಡೀರಿ” ಅಂದರೆ ಸಾಲು ಓಡುತ್ತಿತ್ತು, ಅವಳು ಸುಮ್ಮನಾದರೆ ನಿಲ್ಲುತ್ತಿತ್ತು.

ಅವರ ಮಗಳು ಸೋನಾಲಿ ಇನ್ನೂ ತೊದಲು ಮಾತಾಡುತ್ತಿದ್ದ ಕಾಲಕ್ಕೆ ಆ ಘಟನೆ ನಡೆಯಿತು. ಮಳೆಗಾಲ. ಒಂದು ಕಟ್ಟಡದ ಪಾಯ ತೋಡಿದ ತಗ್ಗಿನಲ್ಲಿ ನೀರು ನಿಂತಿತ್ತು. ನೀರೆತ್ತುವ ಪಂಪು ಕೆಟ್ಟು ಕೆಳಗೇ ಉಳಿದಿತ್ತು. ತಗ್ಗಿನ ಬದಿಯ ಮಣ್ಣು ನೆನೆದು ಹಸಿ ಮುದ್ದೆಯಾಗಿದ್ದನ್ನು ತಾಯಪ್ಪ ಕಣ್ಣಾರೆ ನೋಡಿದ್ದ. ಆದರೂ ಗುತ್ತಿಗೆದಾರ ಬಂದು ಬಯ್ಯುತ್ತಾನೆಂಬ ಅವಸರ. ಊರಿನ ಹುಡುಗ ಸಂಜು ಅಳುಕಿದಾಗ, “ಇಳಿಯೋ, ಏನಾಗಂಗಿಲ್ಲ” ಎಂದು ಪಂಪು ಎತ್ತಿ ತರಲು ಅವನನ್ನು ಕೆಳಗಿಳಿಸಿದ. ಸಂಜು ಪಂಪಿಗೆ ಕೈ ಹಚ್ಚುವಷ್ಟರಲ್ಲಿ ಒಂದು ಬದಿಯ ಮಣ್ಣು ಕುಸಿಯಿತು. ಪಂಪೂ ಇಲ್ಲ, ಸಂಜುವೂ ಇಲ್ಲ.

ಯಾರೋ ಜೆಸಿಬಿ ತರಿಸಿ ಎಂದು ಕೂಗಿದರು. “ಜೆಸಿಬಿ ಹಲ್ಲು ತಾಗಿದ್ರ ಹುಡುಗ ಉಳೀತಾನೇನು?” ಎಂದು ಅವ್ವಮ್ಮ ಸೀರೆ ಕಚ್ಚೆ ಬಿಗಿದು ತಗ್ಗಿಗೆ ಧುಮುಕಿದಳು. ಕೈಯಿಂದಲೇ ಮಣ್ಣು ಬಗೆದು ಘಮೇಲಾಕ್ಕೆ ತುಂಬಿದಳು. ಹೆಣ್ಣುಮಕ್ಕಳು ತಾವಾಗಿಯೇ ಸಾಲಾದರು. ತಗ್ಗಿನ ಅಂಚಿನಲ್ಲಿ ತಾಯಪ್ಪ ನಿಂತಿದ್ದ. ಮೊದಲ ಘಮೇಲಾ ಮೇಲೆ ಬಂದದ್ದು ಅವನ ಮುಂದಕ್ಕೆ.

“ಹಿಡೀರಿ!” ಅಂದಳು ಅವ್ವಮ್ಮ ಕೆಳಗಿನಿಂದ.

ಅಷ್ಟರಲ್ಲಿ ಅವನ ಪಾದದ ಹತ್ತಿರವೇ ನೆಲ ಬಿರುಕು ಬಿಟ್ಟಿತು. ತಾಯಪ್ಪ ಹಿಡಿಯಲಿಲ್ಲ. ತಿರುಗಿ ಓಡಿದ. ಗೇಟು ದಾಟಿ, ರಸ್ತೆ ದಾಟಿ, ಚಹಾದ ಟಪರಿಯ ಹಿಂದೆ ಹೋಗಿ ಕುಳಿತ. ನೀರು ಕೇಳಿ ಕುಡಿದ. ಏನಾಯಿತೆಂದು ಟಪರಿಯವನು ಮರಾಠಿಯಲ್ಲಿ ಕೇಳಿದರೆ, ಏನಿಲ್ಲ, ಬಿಸಿಲು ಅಂದ. ಜಿಟಿಜಿಟಿ ಮಳೆಯಲ್ಲಿ ಬಿಸಿಲು!

ಅವನು ಕಾಲೆಳೆದುಕೊಂಡು ಮರಳಿ ಬಂದಾಗ ಹುಡುಗನನ್ನು ಹೊರಗೆ ತೆಗೆದಾಗಿತ್ತು. ಕಾಲು ಮುರಿದಿತ್ತು, ಉಸಿರಿತ್ತು. ತಗ್ಗಿನಿಂದ ಟೆಂಪೋದವರೆಗೆ ಎತ್ತಿಕೊಂಡು ಹೋಗಲು ಗಟ್ಟಿ ಗಂಡಸು ಬೇಕಾಗಿದ್ದ. ತಾಯಪ್ಪ ಎತ್ತಿಕೊಂಡ. ಯಾರೋ ಮೊಬೈಲಿನಲ್ಲಿ ಫೋಟೋ ಹೊಡೆದರು. ಮರುದಿನ ಮರಾಠಿ ಪತ್ರಿಕೆಯವನು ಬಂದು, ಯಾರು ಉಳಿಸಿದಿರಿ ಎಂದು ಕೇಳಿದಾಗ ಅವ್ವಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು, ತಾಯಪ್ಪ ಮುಕಾದಮರ ಟೋಳಿ ಅಂದಳು. ಗೋಡೆ ಯಾರದೆಂದು ಕೇಳಿದರೂ ಅವಳು ಹಾಗೆಯೇ ಹೇಳುತ್ತಿದ್ದಳು. ಪತ್ರಿಕೆಯವನಿಗೆ ಟೋಳಿ ಬೇಕಿರಲಿಲ್ಲ, ಒಬ್ಬ ವೀರ ಬೇಕಿದ್ದ. ಫೋಟೋ ಹೇಗೂ ಇತ್ತು.

ತಾಯಪ್ಪ ಆಗಲೇ ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಿಡಲಿಲ್ಲ. ಶೆಡ್ಡಿನಲ್ಲಿ ಒಮ್ಮೆ ಅಳುಕುತ್ತಲೇ ಮಾತು ತೆಗೆದಾಗ ಅವ್ವಮ್ಮ ರೊಟ್ಟಿ ತಟ್ಟುತ್ತಲೇ ಅಂದಳು: “ಸುಮ್ನಿರ್ರಿ. ಓಡಿ ಹೋದ ಮುಕಾದಮನ ಹಿಂದ ಊರಿಂದ ಯಾರು ಬರ್ತಾರ? ಟೋಳಿ ಒಡೀತದ. ಇಷ್ಟು ಮಂದಿ ಹೊಟ್ಟಿ ಅದ ಇದರಾಗ.” ಕಂಡಿದ್ದ ಹೆಣ್ಣುಮಕ್ಕಳ ಬಾಯಿಯನ್ನೂ ಅವಳೇ ಕಟ್ಟಿದಳು. ಸಂಜುವಿನಿಂದ ಆಸ್ಪತ್ರೆಯಲ್ಲೇ ಮಾತು ತೆಗೆದುಕೊಂಡಳು. ತಾಯಪ್ಪನಿಗೆ ಅದು ಅನುಕೂಲವೇ ಆಯಿತು. ಅಂದಿನಿಂದ ಗಂಡಹೆಂಡತಿಯ ನಡುವೆ ಆ ವಿಷಯ ಏಳಲೇ ಇಲ್ಲ. ಅವಳು ಬಯ್ದಿದ್ದರೆ, ಹಂಗಿಸಿದ್ದರೆ ಅವನು ತಿರುಗಿ ಜಗಳವಾಡಿ ಹಗುರಾಗುತ್ತಿದ್ದನೇನೋ. ಅವಳು ತಾಟಿಗೆ ರೊಟ್ಟಿ ಹಾಕುತ್ತಿದ್ದಳು, ಅವನು ತಲೆ ಎತ್ತದೆ ತಿನ್ನುತ್ತಿದ್ದ.

ವರ್ಷಗಳು ಉರುಳಿದವು. ಸೋನಾಲಿ ಮರಾಠಿ ಶಾಲೆಗೆ ಹೋಗುತ್ತಿದ್ದಳು. ಭಾನುವಾರ ಮಾತ್ರ ಕನ್ನಡ ಬಳಗವೊಂದರ ತರಗತಿಗೆ ಹೋಗಿ ಅಕ್ಷರ ಕಲಿತಳು. ಅಲ್ಲಿನ ಕಪಾಟಿನ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದಳು. ಬಳಗ ನಡೆಸುವವರು ವಿಜಯಪುರದ ಕಡೆಯಿಂದ ಬಂದು ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟ ಹರಿಶ್ಚಂದ್ರ ಅವರು. ಒಳ್ಳೆಯ ಮನುಷ್ಯ, ಮೈಕು ಕೈಗೆ ಸಿಕ್ಕರೆ ಮಾತ್ರ ಬಿಡುವವರಲ್ಲ. ಆ ಸಲದ ವಾರ್ಷಿಕೋತ್ಸವಕ್ಕೆ ಅವರಿಗೊಂದು ಹೊಸ ವಿಚಾರ ಹೊಳೆಯಿತು. ಮಕ್ಕಳು ತಾವು ಪುಸ್ತಕದಲ್ಲಿ ಓದಿದ ಒಬ್ಬ ವೀರನ ಬಗ್ಗೆ ಮಾತಾಡಬೇಕು, ಆಮೇಲೆ ತಮ್ಮ ಓಣಿಯ ಒಬ್ಬ ವೀರನನ್ನು ಸಭೆಗೆ ತೋರಿಸಬೇಕು. ಆ ವೀರನಿಗೆ ಶಾಲು, ಹಾರ, ಪೇಟ.

ಸೋನಾಲಿ ಓಡಿ ಬಂದು ಅಪ್ಪನ ಕೊರಳಿಗೆ ಬಿದ್ದಳು. “ಅಪ್ಪಾ, ನಾ ನಿನ್ನ ಹೆಸರು ಕೊಟ್ಟೀನಿ! ಸಂಜು ಮಾಮಾನ್ನೂ ಕರ್ಸಾಕತ್ತಾರ!”

ತಾಯಪ್ಪ ಅವಳ ಕೈ ಬಿಡಿಸಿದ. “ಯಾಕವ್ವಾ ನನ್ನ ಹೆಸರು? ಬ್ಯಾರೆ ಯಾರೂ ಸಿಗಲಿಲ್ಲೇನು?” ಅಂದ.

“ಬ್ಯಾರೆ ಯಾರ್ದು ಕೊಡ್ಲಿ? ನೀ ಅದಿಯಲ್ಲ!”

ಆ ವಾರವೆಲ್ಲ ಹುಡುಗಿ ಶೆಡ್ಡಿನ ಮುಂದೆ ಅತ್ತಿಂದಿತ್ತ ನಡೆಯುತ್ತ ಭಾಷಣ ಬಾಯಿಪಾಠ ಮಾಡಿದಳು. ಒಂದು ಒಳ್ಳೆಯ ಹೊತ್ತು ನೋಡಿ ಮಗಳಿಗೆ ಹೇಳಿಬಿಡಬೇಕೆಂದು ತಾಯಪ್ಪ ದಿನವೂ ಅಂದುಕೊಂಡ. ಅವಳು ಅವನನ್ನು ನೋಡುವ ಆ ನೋಟ ಇನ್ನೊಂದು ದಿನ ಇರಲಿ ಎಂದು ದಿನವೂ ಮುಂದೂಡಿದ. ಇಂಥ ಆಸೆಗೆ ಏನನ್ನಬೇಕು? ಕದ್ದ ಒಡವೆ ಎಂದು ತಿಳಿದೂ ತಿಳಿದೂ ಕೊರಳಿಂದ ತೆಗೆಯಲಾಗದವನಂತೆ ಇದ್ದ ಅವನು. ಹೊರಡುವ ದಿನ ಅವ್ವಮ್ಮ ಅವನ ಅಂಗಿಗೆ ಇಸ್ತ್ರಿ ಮಾಡಿಸಿ ತಂದಳು. “ಬಾಯಿ ಮುಚ್ಕೊಂಡು ಶಾಲು ಹೊದಿಸ್ಕೊಂಡು ಬರ್ರಿ,” ಎಂದಷ್ಟೇ ಅಂದಳು.

ಸಭೆ ತುಂಬಿತ್ತು. ಮುಂದೆ ಅಂಗಡಿಕಾರರು, ಆಫೀಸಿನವರು. ಹಿಂದೆ ತಾಯಪ್ಪನ ಟೋಳಿ, ತೊಳೆದ ಬಟ್ಟೆಯುಟ್ಟು ಸಾಲಾಗಿ ಕುಳಿತಿತ್ತು. ಸೋನಾಲಿ ಒಬ್ಬ ಸೇನಾಪತಿಯ ಕತೆ ಹೇಳಿದಳು. ಉರಿಯುವ ಕೋಟೆಯಲ್ಲಿ ಒಬ್ಬ ಸಿಪಾಯಿ ಸಿಕ್ಕಿಕೊಂಡಿದ್ದಾನೆ, ಎಲ್ಲರೂ ಓಡುತ್ತಿದ್ದಾರೆ, ಸೇನಾಪತಿ ಮಾತ್ರ ಕುದುರೆ ತಿರುಗಿಸಿ ಒಳಗೆ ಹೋಗುತ್ತಾನೆ. ಹುಡುಗಿಯ ಕಣ್ಣು ಮಿನುಗುತ್ತಿತ್ತು.

“ಆ ಸೇನಾಪತಿ ಓಡಿ ಹೋಗಲಿಲ್ಲ,” ಅಂದಳು. “ನಮ್ಮಪ್ಪನೂ ಓಡಿ ಹೋಗಲಿಲ್ಲ.”

ಚಪ್ಪಾಳೆ ಬಿತ್ತು. ಹರಿಶ್ಚಂದ್ರ ಅವರು ಶಾಲು ಹೊದಿಸಿದರು, ತಲೆಗೆ ಪೇಟ ಇಟ್ಟರು. ಫ್ಯಾನಿನ ಕೆಳಗೆ ನಿಂತರೂ ತಾಯಪ್ಪನ ಬೆನ್ನು ಬೆವರಿನಲ್ಲಿ ತೋಯ್ದು ಹೋಗಿತ್ತು. ಆಮೇಲೆ ಸಂಜುವನ್ನು ಕರೆದರು. ಈಗ ಅವನು ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲು ಕೂರುತ್ತಾನೆ. ಕುಂಟುತ್ತ ಮೆಟ್ಟಿಲು ಹತ್ತಿ ಬಂದ.

“ಹೇಳಪಾ, ಆ ಹೊತ್ತಿನ್ಯಾಗ ನಿನಗ ಏನಾತು?” ಎಂದರು ಹರಿಶ್ಚಂದ್ರ.

ಸಂಜು ಮೈಕು ಹಿಡಿದ. “ಕತ್ತಲಿತ್ರಿ. ಬಾಯಾಗ ಮಣ್ಣು. ನಾ ಸತ್ತೆ ಅಂದ್ಕೊಂಡಿದ್ದೆ. ಮ್ಯಾಲಿಂದ ಒಂದು ದನಿ ಕೇಳಸ್ತಿತ್ರಿ, ಒಂದ ಸವನ...” ಅಷ್ಟು ಹೇಳಿ ಅವನ ಕಣ್ಣು ತಾನಾಗಿ ಹಿಂದಿನ ಸಾಲಿನತ್ತ ಹೋಯಿತು. ಅವ್ವಮ್ಮ ಸೆರಗಿನ ಮರೆಯಲ್ಲಿ ತಲೆ ಅಲ್ಲಾಡಿಸಿದಳು, ಬೇಡ ಅಂತ. ಸಂಜು ನೆಲ ನೋಡುತ್ತ, ಶಾಲೆಯ ಹುಡುಗ ಪಾಠ ಒಪ್ಪಿಸಿದಂತೆ ಹೇಳಿದ: “ಕಾಕಾನ ದನಿ. ಕಾಕಾನ ನನ್ನ ಉಳಿಸಿದ್ರಿ.” ಹೇಳಿ, ಬಗ್ಗಿ ತಾಯಪ್ಪನ ಕಾಲು ಮುಟ್ಟಿದ. ಬಗ್ಗುವಾಗ ಮುರಿದ ಕಾಲು ಮಡಚಲಾರದೆ ಒಂದು ಕಡೆ ವಾಲಿದ.

ತಾಯಪ್ಪ ಇಷ್ಟು ವರ್ಷ ತಾನು ಸುಮ್ಮನಿದ್ದೇನೆ ಅಂದುಕೊಂಡಿದ್ದ. ತನ್ನ ಮಾನಕ್ಕಾಗಿ ಇನ್ನೊಬ್ಬ ಬಾಯಿ ಬಿಟ್ಟು ಸುಳ್ಳು ಹೇಳಿದ್ದನ್ನು ಈಗ ಕೇಳಿದ. ಅದೂ ತಾನೇ ಮಣ್ಣಿಗಿಳಿಸಿದ ಹುಡುಗ. ಹೇಸಿಗೆಯಾಯಿತು ಅವನಿಗೆ ತನ್ನ ಮೇಲೆ. ಪೇಟ ತೆಗೆದು ಮೇಜಿನ ಮೇಲಿಟ್ಟ. ಮೈಕು ತೆಗೆದುಕೊಂಡ.

“ನಾ ಎತ್ತಿಲ್ರಿ,” ಅಂದ. ಮೈಕು ಬಾಯಿಗೆ ಹತ್ತಿರ ಹಿಡಿದು ಇನ್ನೊಮ್ಮೆ ಅಂದ. “ನಾ ಎತ್ತಿಲ್ಲ. ಇವನ್ನ ಇಳಿ ಅಂದಾಂವ ನಾ. ಮಣ್ಣು ಬಿದ್ದ ಮ್ಯಾಲ ಓಡಿ ಹೋದಾಂವನೂ ನಾನ. ಟಪರಿ ಹಿಂದ ಕುಂತಿದ್ದೆ. ಬಗದು ತಗದಾಕಿ ಅಲ್ಲಿ ಕುಂತಾಳ. ಇವನಿಗೆ ಕೇಳಿಸಿದ್ದು ಅಕಿ ದನಿ.”

ಸಭೆಯಲ್ಲಿ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಎಂದೂ ಮೈಕು ಬಿಡದ ಹರಿಶ್ಚಂದ್ರ ಅವರೂ ಬಾಯಿ ತೆರೆದು ನಿಂತರು. ಕೊನೆಗೆ ಹೇಗೋ ಸಾವರಿಸಿಕೊಂಡು, “ಬರ್ರಿ ತಾಯಿ, ಮ್ಯಾಲೆ ಬರ್ರಿ” ಎಂದು ಕರೆದರು. ಅವ್ವಮ್ಮ ಏಳಲಿಲ್ಲ. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಸೋನಾಲಿ ವೇದಿಕೆಯ ಮೂಲೆಯಲ್ಲಿ ನಿಂತಿದ್ದಳು. ಅಪ್ಪನನ್ನು ನೋಡಿದಳು, ಇಳಿದು ಹೋಗಿ ಅವ್ವನ ಪಕ್ಕ ಕುಳಿತಳು. ಆಮೇಲಿನದೇನೂ ತಾಯಪ್ಪನ ಕಿವಿಗೆ ಬೀಳಲಿಲ್ಲ.

ಮನೆಗೆ ಬರುವ ಬಸ್ಸಿನಲ್ಲಿ ತಾಯಿ ಮಗಳು ಒಂದು ಸೀಟಿನಲ್ಲಿ, ಅವನು ಹಿಂದೆ. ಶಾಲು ಮಡಿಲಲ್ಲಿತ್ತು, ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಕುಳಿತಿದ್ದ. ಶೆಡ್ಡಿಗೆ ಬಂದ ಮೇಲೆ ಅವ್ವಮ್ಮ ಬಾಯಿ ಬಿಟ್ಟಳು.

“ಹಗರಾದಿರೇನು?” ಕೇಳಿದಳು. “ಇಷ್ಟು ವರ್ಷ ನಾ ಹೊತ್ತಿದ್ದೆ. ನೀವು ನಾಕು ಮಂದಿ ಮುಂದ ಇಳಿಸಿ ಕೈ ಝಾಡಿಸ್ಕೊಂಡ್ರಿ. ನಾಳಿ ಟೋಳಿ ಒಡದ್ರ ಅದನ್ನ ಯಾರು ಹೊರಬೇಕು? ಮತ್ತ ನಾನ.”

ತಾಯಪ್ಪ ಶಾಲನ್ನು ಗೂಟಕ್ಕೆ ಸಿಕ್ಕಿಸಿದ. ನಿಜ ಹೇಳಿದರೆ ನಾಚಿಕೆ ಕಳೆಯುತ್ತದೆ ಅಂದುಕೊಂಡಿದ್ದ. ಅದು ಕಳೆಯಲಿಲ್ಲ. ಇಷ್ಟು ದಿನ ಒಳಗಿದ್ದದ್ದು ಈಗ ಮುಖದ ಮೇಲೆ ಬಂದು ಕೂತಿತು, ಅಷ್ಟೆ. ಅವ್ವಮ್ಮ ಹೇಳಿದಂತೆಯೇ ಆಯಿತು. ಅರ್ಧ ಟೋಳಿ ಇನ್ನೊಬ್ಬ ಮುಕಾದಮನ ಹಿಂದೆ ಬಾರಾಮತಿಯ ಕಡೆ ಕೆಲಸಕ್ಕೆ ಹೋಯಿತು. ಶೆಡ್ಡಿನ ಸಾಲಿನಲ್ಲಿ ಅವನ ಮನೆ ಕೇಳಿದರೆ ಜನ ಈಗ ಬರೀ ಬೆರಳು ತೋರಿಸುತ್ತಿದ್ದರು. ಸೋನಾಲಿ ಅವನೊಡನೆ ಮಾತು ಬಿಟ್ಟಿದ್ದಳು. ಅವ್ವನ ಹಿಂದೆ ಹಿಂದೆ ತಿರುಗಿ, ಆಮೇಲೇನಾಯಿತು, ಕೈಯಿಂದಲೇ ಹೇಗೆ ಬಗೆದೆ ಎಂದು ಕೇಳುತ್ತಿದ್ದಳು. “ಮಣ್ಣಿತ್ತು, ತಗದ್ವಿ” ಎಂದು ಅವ್ವಮ್ಮ ಮುಗಿಸಿಬಿಡುತ್ತಿದ್ದಳು.

ಕೆಲವು ವಾರಗಳ ಮೇಲೆ ಸಾಸವಡದ ರಸ್ತೆಯಲ್ಲಿ ಒಂದು ಬಂಗಲೆಯ ಸ್ಲ್ಯಾಬು ಹಾಕುವ ಕೆಲಸ ಬಂತು. ಹಬ್ಬದ ರಜೆ. ಶಾಲೆಯಿಲ್ಲದ್ದರಿಂದ ಸೋನಾಲಿ ಬುತ್ತಿ ಹೊತ್ತು ತಾಯಿಯ ಜೊತೆ ಬಂದಿದ್ದಳು. ಟೋಳಿಯಲ್ಲಿ ಉಳಿದ ಮಂದಿ ಏಣಿಯ ಮೇಲೂ ಕೆಳಗೂ ಸಾಲಾಗಿ ನಿಂತರು. ಮಿಕ್ಸರು ಗುರುಗುಟ್ಟತೊಡಗಿತು. ಆದರೆ ಸಾಲು ಸಾಲಲಿಲ್ಲ. ಅವ್ವಮ್ಮನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಉಳಿಯಿತು. ತುಂಬಿದ ಘಮೇಲಾವನ್ನು ಅವಳು ಅಲ್ಲಿಂದ ಮುಂದಿನವರಿಗೆ ಎರಡು ಹೆಜ್ಜೆ ನಡೆದು ಕೊಟ್ಟು ಬರುತ್ತಿದ್ದಳು. ಹಿಂದೆ ಘಮೇಲಾಗಳು ಕೂಡಿಬೀಳುತ್ತಿದ್ದವು.

ಬದಿಗೆ ನಿಂತ ತಾಯಪ್ಪ ಕೂಗಲು ಬಾಯಿ ತೆರೆದ. ಏನೆಂದು ಕೂಗುವುದು? ಬಾಯಿ ಮುಚ್ಚಿದ. ಚಪ್ಪಲಿ ಬಿಟ್ಟ, ತಲೆಯ ಟವೆಲು ಬಿಚ್ಚಿ ಸೊಂಟಕ್ಕೆ ಬಿಗಿದ. ಎಲ್ಲರ ಕಣ್ಣೂ ತನ್ನ ಮೇಲಿದೆಯೆಂದು ಗೊತ್ತಾಗಿ ಅವನ ಕಿವಿ ಕಾದವು. ಮುಕಾದಮ ಸಾಲಿಗೆ ನಿಂತದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅವನು ಆ ಖಾಲಿ ಜಾಗಕ್ಕೆ ಹೋಗಿ, ಮುಖ ತಗ್ಗಿಸಿ, ಎರಡೂ ಕೈ ಮುಂದೆ ಚಾಚಿ ನಿಂತ.

ಅವ್ವಮ್ಮ ತುಂಬಿದ ಘಮೇಲಾ ಎತ್ತಿಕೊಂಡು ತಿರುಗಿದವಳು ಅವನನ್ನು ಕಂಡಳು. ಒಂದು ಗಳಿಗೆ ಕೈ ತಡೆದಳು. ನಗಲಿಲ್ಲ, ಬಯ್ಯಲೂ ಇಲ್ಲ. ಬುತ್ತಿಯ ಗಂಟಿನ ಪಕ್ಕ ಕುಳಿತಿದ್ದ ಸೋನಾಲಿ ಎದ್ದು ನಿಂತು ನೋಡಿದಳು.

“ಹಿಡೀರಿ,” ಅಂದಳು ಅವ್ವಮ್ಮ.

ತಾಯಪ್ಪ ಹಿಡಿದ.