ಬಯಕೆಗೆ ತಂದ ಉಪ್ಪಿನಕಾಯಿ

ಮೊನ್ನೆ ಊರಿನಿಂದ ಬಂದ ನೆಂಟರು ಒಂದು ಜಾಡಿ ಎರಳೆಕಾಯಿ ಉಪ್ಪಿನಕಾಯಿ ಕೊಟ್ಟುಹೋದರು. ಮುಚ್ಚಳ ತೆಗೆದದ್ದೇ ತಡ, ಆ ಘಾಟಿಗೆ ಕೊಳ್ಳೇಗಾಲದ ಎದುರುಮನೆ ಅಕ್ಕ ಕಣ್ಣ ಮುಂದೆ ಬಂದು ಕೂತಳು. ಕೂತೇ ಇದ್ದಳು... ಅವಳಿಗೆ ಮಲಗಲು ಆಗುತ್ತಿರಲಿಲ್ಲ.

ಅರವತ್ತರ ದಶಕದ ಕೊನೆ. ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ನಮ್ಮ ಬೀದಿಯಲ್ಲಿ ಕಾಲೇಜಿಗೆ ಹೋದ ಹುಡುಗಿ ನಾನೊಬ್ಬಳೇ; ಉಳಿದವರದೆಲ್ಲ ರೇಷ್ಮೆ ಮಗ್ಗ. ಅಕ್ಕನ ಗಂಡ ನೇಯುತ್ತಿದ್ದ, ಅವಳು ಪಕ್ಕದಲ್ಲಿ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿರಲಿಲ್ಲ. ಹಾಗಾಗಿ ತೊಟ್ಟಿಲ ಶಾಸ್ತ್ರಕ್ಕೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

ಆ ವರ್ಷ ಅವಳ ಮುಟ್ಟು ನಿಂತು ಹೊಟ್ಟೆ ಮುಂದೆ ಬಂತು. ಕಾಲು ಊದಿಕೊಂಡವು, ನೀರಿನ ಬಿಂದಿಗೆ ಎತ್ತಿದರೆ ಏದುಸಿರು.

"ಗಂಡು ಕೂಸು ಕಣವ್ವ, ಅದ್ಕೇ ಈ ಪಾಟಿ ಆಟ ಆಡುಸ್ತಾ ಅದೆ" ಎಂದು ಅವಳ ಅತ್ತೆ ಬೀದಿಗೆಲ್ಲ ಸಾರಿದಳು.

ಕರೆಯದಿದ್ದವರೇ ಈಗ ಬಯಕೆ ತಿನಿಸು ಹೊತ್ತು ಬಂದರು. ಉಪ್ಪಿನಕಾಯಿ, ಹಪ್ಪಳ, ಉಪ್ಪುಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ. ಅಕ್ಕ ಎಲ್ಲವನ್ನೂ ನಗುನಗುತ್ತಾ ತಿಂದಳು. ಹೊಟ್ಟೆ ಇನ್ನಷ್ಟು ಬೆಳೆಯಿತು.

ಹಸಿರು ಬಳೆ ತೊಡಿಸಿದ ದಿನ ಮುಳ್ಳೂರಿನಿಂದ ಸೂಲಗಿತ್ತಿ ಬಂದಳು. ಹೊಟ್ಟೆ ಮುಟ್ಟಿ ನೋಡಲು ಅಕ್ಕನನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದಳು. ನೋಡನೋಡುತ್ತ ಅಕ್ಕನ ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಕತ್ತಿನ ನರಗಳು ಹಗ್ಗದ ಹಾಗೆ ಎದ್ದು ನಿಂತವು. ಬಳೆ ತುಂಬಿದ ಕೈ ಗಾಳಿಯಲ್ಲಿ ತಡಕಾಡಿತು.

"ಎಬ್ಬುಸ್ರವ್ವಾ, ಎಬ್ಬುಸ್ರಿ!" ಸೂಲಗಿತ್ತಿಯೇ ಕಿರುಚಿದಳು. ಪಕ್ಕದಲ್ಲೇ ಇದ್ದ ನಾನೂ ಅವಳೂ ಸೇರಿ ಎತ್ತಿ ಕೂರಿಸಿದೆವು. ಉಸಿರು ಮರಳಿತು. ಕೂತಲ್ಲೇ ಹೊಟ್ಟೆ ಅದುಮಿ ನೋಡಿ, "ಕೂಸಿಲ್ಲ, ಬರೀ ನೀರು" ಎಂದಳು ಸೂಲಗಿತ್ತಿ, ಯಾರ ಮುಖವನ್ನೂ ನೋಡದೆ. ಆ ನೇರಳೆ ತುಟಿ ನನಗೆ ಇವತ್ತಿಗೂ ಕನಸಿನಲ್ಲಿ...

ಮರುದಿನ ಅಕ್ಕನನ್ನು ಕರೆದುಕೊಂಡು ಅವಳ ಗಂಡನ ಜೊತೆ ನಾನೂ ಮೈಸೂರಿನ ಆಸ್ಪತ್ರೆಗೆ ಹೋದೆ. ಡಾಕ್ಟರು ಮುಷ್ಟಿ ಬಿಗಿದು ತೋರಿಸಿದರು. ಹೃದಯ ಹಿಂಡುತ್ತದೆ, ಆದರೆ ಅದರ ಸ್ನಾಯು ಗಡುಸಾಗಿದೆ. ಸಡಿಲಗೊಂಡು ರಕ್ತ ತುಂಬಿಕೊಳ್ಳಲಾರದು. ಒಳಗೆ ಜಾಗ ಸಿಗದ ರಕ್ತ ಹಿಂದೆಯೇ ನಿಂತು, ಹೊಟ್ಟೆಯಲ್ಲೂ ಕಾಲಲ್ಲೂ ನೀರು ಸೇರುತ್ತದೆ. ಉಪ್ಪು ತಿಂದಷ್ಟೂ ಹೆಚ್ಚು.

"ಕಚ್ಚಾ ರೇಷ್ಮೆನ ಸೋಪಿನ್ ನೀರಲ್ಲಿ ಬೇಯ್ಸುದ್ರೆ ಮೆತ್ತಗಾಯ್ತದೆ ಸಾ" ಎಂದಳು ಅಕ್ಕ. "ನನ್ ಎದೆಯೂ ಒಂದ್ಸಲ ಬೇಯ್ಸ್‌ಬುಡಿ."

ಡಾಕ್ಟರು ನಗಲಿಲ್ಲ. ನೀರು ಇಳಿಸಬಹುದು, ಗಡಸುತನ ಇಳಿಸಲು ಮದ್ದಿಲ್ಲ ಎಂದರು.

ಊದಿದ ಕೈಯಿಂದ ಬಳೆ ತೆಗೆಯಲು ನರ್ಸ್ ಬಂದಾಗ ಅವಳು ಕೈ ಹಿಂದಕ್ಕೆಳೆದುಕೊಂಡಳು. "ಕೂಸಂತೂ ಇಲ್ಲ. ಬಳೆನಾರ ಇರ್ಲಿ, ಬುಡವ್ವ."

ಮದ್ದಿಗೆ ನೀರು ಇಳಿದು, ಚಪ್ಪಟೆ ಹೊಟ್ಟೆಯಲ್ಲಿ ಊರಿಗೆ ಬಂದಳು. ಬೀದಿಯ ಹೆಂಗಸರು ಮತ್ತೆ ಅತ್ತ ಸುಳಿಯಲಿಲ್ಲ. ಮುಂದಿನ ಬೇಸಿಗೆಗೆ ಮೊದಲೇ, ಮಗ್ಗದ ಕಂಬಕ್ಕೆ ಒರಗಿ ಕೂತವಳು ಕೂತಂತೆಯೇ ಹೋದಳು. ತಿಥಿಗೆ ಎಲ್ಲರೂ ಬಂದರು. ಅವಳಿಗೆ ಇಷ್ಟವೆಂದು ಅತ್ತೆ ಎಡೆಗೆ ಎರಳೆಕಾಯಿ ಉಪ್ಪಿನಕಾಯಿಯನ್ನೇ ಬಡಿಸಿದಳು.

ಅವಳಿಗೆ ಇಷ್ಟವಾದದ್ದು ಉಪ್ಪಿನಕಾಯಿ ಆಗಿರಲಿಲ್ಲ. ಅದನ್ನು ಹಿಡಿದು ಯಾರಾದರೂ ತನ್ನ ಬಾಗಿಲಿಗೆ ಬರುವುದು... ಜಾಡಿ ಇನ್ನೂ ಅಡುಗೆಮನೆಯಲ್ಲೇ ಇದೆ. ಎಸೆಯಲು ಮನಸ್ಸಾಗಿಲ್ಲ, ತಿನ್ನಲೂ ಆಗಿಲ್ಲ.