ಮಾದಕ್ಕ ಕೈಗಿಟ್ಟ ಲೋಟ

ಮೊದಲು ನೀವೇ ಹೇಳಿ. ನೀರು ಕುಡಿಯುವುದನ್ನು ಹದಿನೆಂಟನೇ ವಯಸ್ಸಿನಲ್ಲಿ ಕಲಿತವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಗಬೇಡಿ. ನಾನಿದ್ದೇನೆ.

ಈ ವರ್ಷ ಜೂನ್ ತಿಂಗಳ ಮಾತು. ನಾನು ಗುಂಡ್ಲುಪೇಟೆಯಲ್ಲಿ ಬಸ್ ಕಂಡಕ್ಟರ್. ಮಗಳು ಚಂದನಾ ಪಿಯುಸಿ ಪಾಸಾಗಿದ್ದಳು. ಡಿಗ್ರಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಮೈಸೂರಿನ ದೊಡ್ಡ ಕಾಲೇಜು. ಇನ್ನೊಂದು ಚಾಮರಾಜನಗರದಲ್ಲಿ ನಾನೇ ಓದಿದ ಕಾಲೇಜು. ದಲಿತ ಮಕ್ಕಳು ಓದಲಿ ಅಂತ ನಮ್ಮ ಹಿರಿಯರೇ ಊರೂರು ತಿರುಗಿ ಚಂದಾ ಎತ್ತಿ ಕಟ್ಟಿಸಿದ್ದು. ಯಾರು ಬೇಕಾದರೂ ಸೇರಬಹುದು. ಆದರೆ ಅಲ್ಲಿನ ಹುಡುಗಿಯರ ಹಾಸ್ಟೆಲಿನಲ್ಲಿ ಮುಕ್ಕಾಲು ಪಾಲು ನಮ್ಮ ಕೇರಿಗಳ ಮಕ್ಕಳೇ. ಪಾಠ ಮಾಡುವವರಲ್ಲೂ ಬಹಳ ಜನ ಅಲ್ಲೇ ಓದಿದವರು.

ಸೇರುವುದಕ್ಕೆ ಎರಡೂ ಕಡೆ ಒಂದೇ ಕೊನೆಯ ದಿನ. ನನಗೆ ಚಾಮರಾಜನಗರವೇ ಆಗಬೇಕು, ಅವಳಿಗೆ ಮೈಸೂರೇ. “ಒಂದ್ಸಲ ಬಂದು ನೋಡು. ಇಷ್ಟ ಆಗ್ನಿಲ್ಲ ಅಂದ್ರೆ ಅಲ್ಲಿಂದ್ಲೇ ಮೈಸೂರು ಬಸ್ ಅತ್ತನ” ಅಂತ ಒಪ್ಪಿಸಿ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಕೂತಕೂಡಲೇ ಶುರುವಾಯಿತು.

“ಬರೀ ನಮ್ಮೋರೇ ಇರೋ ಕಡೆ ಓದುದ್ರೆ ನಾಳೆ ಬೇರೆಯೋರ ಮಧ್ಯ ಎಂಗಮ್ಮ ಬದ್ಕೋದು?”

“ನಾನ್ ಬದುಕ್ತಿಲ್ವಾ?”

“ನೀನ್ ಬುಡು, ಬಸ್ಸೆಲ್ಲ ನಡುಗೋ ಹಂಗೆ ಕೂಗ್ತೀಯ.”

“ಆ ಗಂಟ್ಲು ಎಲ್ಲಿಂದ ಬಂತು ಅಂತ ಗೊತ್ತಾ ನಿಂಗೆ?”

“ಉಟ್ದಾಗಿಂದ್ಲೇ ಬಂದಿರ್ತದೆ” ಅಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಅವಳ ತಪ್ಪಲ್ಲ. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಮಕ್ಕಳ ಮುಂದೆ ಎಲ್ಲವನ್ನೂ ಹೇಳಿಕೊಳ್ಳಲು ನಾಚಿಕೆ.

ಹಾಸ್ಟೆಲಿಗೆ ಹೋದಾಗ ಮಧ್ಯಾಹ್ನದ ಅಡುಗೆ ನಡೆಯುತ್ತಿತ್ತು. ಹುರುಳಿಕಾಳು ಸಾರಿನ ವಾಸನೆ ಅಂಗಳದವರೆಗೂ ಬಂದಿತ್ತು. ಅಡುಗೆಮನೆ ಬಾಗಿಲಲ್ಲಿ ಮಾದಕ್ಕ ಈರುಳ್ಳಿ ಹೆಚ್ಚುತ್ತಾ ಕೂತಿದ್ದಳು. ನಾನು ಓದುವಾಗಲೂ ಅವಳೇ ಅಲ್ಲಿ ಅಡುಗೆಯವಳು. ತಲೆ ಬೆಳ್ಳಗಾಗಿದೆ, ಬಾಯಿ ಮಾತ್ರ ಹಾಗೇ ಇದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಯ್ಯೋ, ಬೊಗಸೆ ಅಮ್ಮಿ!” ಅಂದಳು.

ಚಂದನಾ ಇಯರ್‌ಫೋನ್ ತೆಗೆದಳು. “ಬೊಗಸೇನಾ? ಏನದು?”

“ನಿಮ್ಮವ್ವ ಏಳಿಲ್ವಾ? ಕೂತ್ಕೊ ಇಲ್ಲಿ. ಬಂದ ಮೊದುಲ್ನೇ ದಿನ ಏನ್ ಮಾಡುದ್ಲು ಗೊತ್ತಾ ಇವ್ಳು?”

ನಾನು ಕಣ್ಣಲ್ಲೇ ಬೇಡ ಅಂದೆ. ಮಾದಕ್ಕ ಯಾವತ್ತು ಯಾರ ಕಣ್ಣು ನೋಡಿದವಳು?

ನಡೆದದ್ದು ಇಷ್ಟು. ಚಿಕ್ಕಂದಿನಲ್ಲಿ ಅವ್ವನ ಜೊತೆ ಕಳೆ ಕೀಳಲು ಕೂಲಿಗೆ ಹೋಗುತ್ತಿದ್ದೆ. ಹೋದ ಕಡೆ ನಮ್ಮ ಕೈಗೆ ಲೋಟ ಕೊಡುತ್ತಿರಲಿಲ್ಲ. ಬಗ್ಗಿ ಬೊಗಸೆ ಒಡ್ಡಬೇಕು, ಅವರು ಮೇಲಿಂದ ನೀರು ಹುಯ್ಯಬೇಕು. ನನಗೆ ಅದರಲ್ಲಿ ಅವಮಾನ ಅಂತ ಕೂಡ ಗೊತ್ತಿರಲಿಲ್ಲ. ಮನೆಯಾಚೆ ನೀರು ಕುಡಿಯುವ ರೀತಿಯೇ ಅದು ಅಂದುಕೊಂಡಿದ್ದೆ. ಹಾಸ್ಟೆಲಿಗೆ ಬಂದ ದಿನ ಬಾಯಾರಿಕೆಯಾಗಿ ಅಡುಗೆಮನೆಯ ಹೊಸ್ತಿಲಾಚೆ ಬಗ್ಗಿ ನಿಂತು, ಬೊಗಸೆ ಒಡ್ಡಿ, “ವಸಿ ನೀರುಯ್ಯಿ ಅಕ್ಕ” ಅಂದಿದ್ದೆ.

ಮಾದಕ್ಕ ನೀರು ಹುಯ್ಯಲಿಲ್ಲ. ನನ್ನ ಎರಡೂ ಕೈ ಬಿಡಿಸಿ, ತುಂಬಿದ ಲೋಟ ಇಟ್ಟಳು. “ಕಚ್ಚಿ ಕುಡಿ ಕಣಮ್ಮಿ. ಇದು ನಿನ್ ಲೋಟ.” ತುಟಿ ತಾಗಿಸಲು ಭಯವಾಗಿ ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡೆ. ಊಟಕ್ಕೆ ಕೂತಿದ್ದ ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಅತ್ತುಬಿಡುತ್ತಿದ್ದೆ. ಅಷ್ಟರಲ್ಲಿ ಒಬ್ಬಳು ಕೂಗಿದಳು, “ಅಳಬ್ಯಾಡ ಕಣಮ್ಮಿ, ನಾನೂ ಇಂಗೇ ನಿಂತಿದ್ದೆ!” ಇನ್ನೊಬ್ಬಳು, “ನಾನು ಎರಡು ದಿನ ನಿಂತಿದ್ದೆ!” ಆಮೇಲೆ ನಾನೂ ನಕ್ಕೆ. ಹಾಗೆ ಬಾಯಿ ತುಂಬಾ ನಕ್ಕದ್ದು ಅದೇ ಮೊದಲು. ನನ್ನ ಗಂಟಲು ತೆರೆದದ್ದು ಅವತ್ತು.

ಮಾದಕ್ಕ ಹೇಳಿ ಮುಗಿಸಿದಾಗ ಚಂದನಾ ನಗಲಿಲ್ಲ. “ನಾನೂ ಒಂದ್ ಏಳ್ಲಾ ಅಮ್ಮ?” ಅಂದಳು. “ಫ್ರೆಂಡ್ಸು ನಿಮ್ಮೂರು ಯಾವ್ದು, ಯಾವ ಬೀದಿ ಅಂದ್ರೆ, ಬಸ್‌ಸ್ಟ್ಯಾಂಡ್ ಅತ್ರ ಅಂದ್ಬುಡ್ತೀನಿ. ಅಜ್ಜಿ ಮನೆಗೆ ಒಬ್ರನ್ನೂ ಕರ್ಕೊಂಡೋಗಿಲ್ಲ. ಅಜ್ಜಿ ಊರು ಭೀಮನಬೀಡು ಅನ್ನೋ ಎಸ್ರೇ ಎತ್ತಿಲ್ಲ.”

ನನಗೆ ಬೊಗಸೆ, ಅವಳಿಗೆ ಬಸ್‌ಸ್ಟ್ಯಾಂಡು. ಇಷ್ಟು ವರ್ಷ ಜೊತೆಗಿದ್ದೂ ನನಗೆ ಇದು ಕಾಣಿಸಿರಲಿಲ್ಲ.

ಚಂದನಾ ಮಾದಕ್ಕನ ಕಡೆ ತಿರುಗಿದಳು. “ಇಲ್ಲಿ ಯಾವ ಬೀದಿ ಅಂತ ಯಾರೂ ಕೇಳಲ್ವಾ?”

“ಯಾಕ್ ಕೇಳಲ್ಲ? ಕೇಳ್ತಾರೆ” ಅಂದಳು ಮಾದಕ್ಕ, ಈರುಳ್ಳಿ ಹೆಚ್ಚುತ್ತಲೇ. “ಕೇಳ್ಬುಟ್ಟು, ಅಯ್ಯೋ ನಮ್ಮತ್ತೆ ಮನೆ ಬೀದಿ ಕಣಮ್ಮಿ ಅಂತಾರೆ.”

ಮಗಳು ಎದ್ದು, ಬ್ಯಾಗಿನಿಂದ ಮಾರ್ಕ್ಸ್ ಕಾರ್ಡ್ ತೆಗೆದು, “ಆಫೀಸ್ ಎಲ್ಲಿ?” ಅಂದಳು.

ಎಲ್ಲರೂ ಹೀಗೇ ಮಾಡಿ ಅಂತ ನಾನು ಹೇಳುತ್ತಿಲ್ಲ. ಮೈಸೂರಿನ ಲೈಬ್ರರಿ ದೊಡ್ಡದೇ, ಸುಳ್ಳೇಕೆ ಹೇಳಲಿ? ಇಲ್ಲಿ ಬೆಳಿಗ್ಗೆ ಸ್ನಾನಕ್ಕೆ ಕ್ಯೂ, ವಾರಕ್ಕೆ ಮೂರು ದಿನ ಅದೇ ಹುರುಳಿ ಸಾರು. ದಿನಾ ಫೋನಿನಲ್ಲಿ ಗೊಣಗುತ್ತಾಳೆ. ಆದರೆ ಬೇರೆಯವರ ಮಧ್ಯೆ ತಲೆ ಎತ್ತಿ ನಿಲ್ಲಬೇಕಾದರೆ, ಮೊದಲು ತಲೆ ಬಗ್ಗಿಸಬೇಕಿಲ್ಲದ ಒಂದು ಜಾಗದಲ್ಲಿ ಒಂದಷ್ಟು ದಿನ ಇರಬೇಕು. ಬಸ್ಸಿನಲ್ಲಿ ಅವಳು ಕೇಳಿದ್ದಕ್ಕೆ ನನ್ನ ಉತ್ತರ ಇದು.

ಹೋದ ತಿಂಗಳು ಒಂದು ಭಾನುವಾರ ಭೀಮನಬೀಡಿಗೆ ಹೋಗಿದ್ದೆ. ಅವ್ವ ಜಗಲಿಯಲ್ಲಿ ಸಡಗರದಿಂದ ಕೂಗಾಡುತ್ತಿದ್ದಳು. ಒಳಗೆ ಚಂದನಾ, ಅವಳ ಮೂವರು ಹಾಸ್ಟೆಲ್ ಗೆಳತಿಯರು. ಅದರಲ್ಲಿ ಒಬ್ಬಳು ಚಂದಕವಾಡಿ ಕಡೆಯ ಬೇರೆ ಜನದ ಹುಡುಗಿ. ನಮ್ಮವ್ವ ಹಳೇ ಅಭ್ಯಾಸದಲ್ಲಿ ಅವಳಿಗೆ ನೀರು ಕೊಡಲು ಹಿಂಜರಿದು ನಿಂತಳು. ಆ ಹುಡುಗಿಯೇ ಅವ್ವನ ಕೈಯಿಂದ ಲೋಟ ತೆಗೆದುಕೊಂಡು, ಕಚ್ಚಿ ಕುಡಿದು, “ಇನ್ನೊಂದ್ ಲೋಟ ಕೊಡಜ್ಜಿ” ಅಂದಳು.

ಅವ್ವ ಇಡೀ ಬಿಂದಿಗೆಯನ್ನೇ ತಂದಿಟ್ಟಳು.

ನಿಮ್ಮ ಕೈಗೂ ಯಾರಾದರೂ ಹೀಗೆ ಲೋಟ ಇಟ್ಟಿದ್ದರೆ, ಅದು ಶಾಲೆಯೋ, ಹಾಸ್ಟೆಲೋ, ಯಾರದೋ ಮನೆಯೋ, ಕೆಳಗೆ ಬರೆಯಿರಿ. ನಾಚಿಕೊಳ್ಳಬೇಡಿ. ನಾನು ಬರೆದಿಲ್ಲವಾ?